ಬಾದಾಮಿಯಲ್ಲಿ ಓದುವುದಕ್ಕೂ ಇದೆ

ಬಾದಾಮಿಗೆ ನಮ್ಮ ಪ್ರವಾಸದ ಬಸ್ಸುಗಳು ಕೊಡುವ ಕಾಲ ಎರಡು ಗಂಟೆ. ಬೆಳಿಗ್ಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಬಿಸಿಲು ಇಳಿಯುವ ಹೊತ್ತಿಗೆ ಬಾದಾಮಿ, ರಾತ್ರಿಯ ಊಟಕ್ಕೆ ಬಾಗಲಕೋಟೆಯೋ ಹುಬ್ಬಳ್ಳಿಯೋ. ಇದು ಪಂಚಾಂಗದಷ್ಟು ಸ್ಥಿರವಾಗಿಬಿಟ್ಟಿರುವ ಕ್ರಮ. ಆ ಎರಡು ಗಂಟೆಗಳಲ್ಲಿ ಹುಡುಗರು ಮೆಟ್ಟಿಲು ಹತ್ತುತ್ತಾರೆ, ನಾಲ್ಕು ಗುಹೆಗಳ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ, ಕೈಯಲ್ಲಿದ್ದ ತಿಂಡಿಯನ್ನು ಮಂಗಗಳಿಗೆ ಕಳೆದುಕೊಂಡು ನಗುತ್ತ ಇಳಿಯುತ್ತಾರೆ. ಮೇಲಿನಿಂದ ಕೆರೆ ಕಾಣುತ್ತದೆ. ‘ಎಷ್ಟು ಚೆನ್ನಾಗಿದೆ’ ಎನ್ನುತ್ತಾರೆ. ಕೆರೆಯ ಬಳಿಗೆ ಮಾತ್ರ ಯಾರೂ ಹೋಗುವುದಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೂಗುತ್ತದೆ. ಇದನ್ನು ಬಾದಾಮಿಯನ್ನು ನೋಡಿದುದೆಂದು ಕರೆಯುವುದಾದರೆ, ಪುಸ್ತಕದ ಹೊದಿಕೆಯನ್ನು ನೋಡಿದವನನ್ನೂ ಓದುಗನೆಂದೇ ಕರೆಯಬೇಕಾದೀತು.

ಈ ಮಾತನ್ನು ನಾನು ಎಲ್ಲ ಪ್ರವಾಸಿಗಳನ್ನೂ ಕುರಿತು ಹೇಳುತ್ತಿಲ್ಲ. ದೂರದೇಶದಿಂದ ಬಂದವನಿಗೆ ಆ ಕೆಂಪು ಬಂಡೆ, ಆ ನಟರಾಜ, ಆ ತ್ರಿವಿಕ್ರಮ ಸಾಕು. ಅಷ್ಟನ್ನು ಕಂಡು ಹೋದರೂ ಅವನು ಧನ್ಯ. ನನ್ನ ಆಕ್ಷೇಪವಿರುವುದು ನಮ್ಮ ವಿಷಯವಾಗಿ: ಕನ್ನಡವನ್ನು ಓದುವ, ಓದಿಸುವ, ಅದರಿಂದಲೇ ಹೊಟ್ಟೆ ಹೊರೆಯುವ ನಮ್ಮ ವಿಷಯವಾಗಿ. ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯದ ಎರಡು ಮೂಲಪ್ರತಿಗಳು ಆ ಕೆರೆಯ ಸುತ್ತಲಿನ ಬಂಡೆಗಳ ಮೇಲೆ ಇವೆ. ಅವು ಮುದ್ರಿತ ಪ್ರತಿಗಳಲ್ಲ, ನಕಲುಗಳಲ್ಲ. ಉಳಿ ಹಿಡಿದವನ ಕೈಯಿಂದ ನೇರವಾಗಿ ಬಂದವು. ಅವುಗಳಿಂದ ಕೂಗಳತೆಯಲ್ಲಿ ನಿಂತು, ಅವನ್ನು ನೋಡದೆ, ಊರಿಗೆ ಮರಳಿ, ಅವುಗಳ ಮೇಲೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆಯುವ ವಿದ್ಯಾಭ್ಯಾಸ ಎಂಥದು? ಎರಡು ಗಂಟೆಯ ಬದಲು ಎರಡು ದಿನ ಕೊಟ್ಟರೆ ಬಾದಾಮಿ ಬೇರೆಯೇ ಊರಾಗಿ ಕಾಣುತ್ತದೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಕೆರೆ. ಎರಡು ಗುಡ್ಡಗಳ ನಡುವಿನ ತಗ್ಗಿಗೆ ಪಶ್ಚಿಮದ ಕಡೆ ಒಡ್ಡು ಕಟ್ಟಿ, ಪೂರ್ವದ ಬಂಡೆಗಳಿಂದ ಇಳಿಯುವ ಮಳೆನೀರನ್ನು ತಡೆದು ಮಾಡಿದ ಜಲಾಶಯ ಅದು. ದಂಡೆಗೆ ಕಲ್ಲಿನ ಮೆಟ್ಟಿಲುಗಳಿವೆ. ಅಗಸ್ತ್ಯತೀರ್ಥವೆಂದು ಹೆಸರು. ವಾತಾಪಿಯನ್ನು ಹೊಟ್ಟೆಯಲ್ಲೇ ಅರಗಿಸಿಕೊಂಡ ಋಷಿಯ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮಗುವಿಗೆ ಹಾಲು ಕುಡಿಸಿ ಹೊಟ್ಟೆ ಸವರುವ ಅಜ್ಜಿಯರು ಇಂದಿಗೂ ಆ ರಾಕ್ಷಸನನ್ನು ಹೆಸರು ಹಿಡಿದೇ ಜೀರ್ಣಗೊಳಿಸುತ್ತಾರೆ. ಪುರಾಣದ ಅಗಸ್ತ್ಯನಿಗೆ ಆ ಕೀರ್ತಿ ಇರಲಿ. ಆದರೆ ಕೆರೆಯಿಲ್ಲದಿದ್ದರೆ ಈ ಬೋಳು ಬಂಡೆಗಳ ನಡುವೆ ರಾಜಧಾನಿಯೇ ಇರುತ್ತಿರಲಿಲ್ಲವೆಂಬುದನ್ನು ಮರೆಯಬಾರದು. ಮುತ್ತಿಗೆಯ ಕಾಲದಲ್ಲಿ ಕೋಟೆಗೆ ಗೋಡೆ ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ. ಒಂದನೆಯ ಪುಲಕೇಶಿ ವಾತಾಪಿಯ ಬೆಟ್ಟವನ್ನು ದುರ್ಗವಾಗಿ ಮಾಡಿದನೆಂದು ಉತ್ತರದ ಗುಡ್ಡದ ಬಂಡೆಯ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ. ಅದರ ಕಾಲ ಶಕ ೪೬೫, ಎಂದರೆ ಕ್ರಿ. ಶ. ೫೪೩. ಅಲ್ಲಿಂದ ಮುಂದೆ ಎರಡು ಶತಮಾನ, ನಡುವೆ ಕೆಲವು ವರ್ಷಗಳ ವಿಪತ್ತನ್ನು ಬಿಟ್ಟರೆ, ದಖ್ಖಣದ ಆಳ್ವಿಕೆ ನಡೆದುದು ಈ ನೀರಿನ ಬದಿಯಿಂದ. ಬಂಡೆಯ ಬಣ್ಣ ಬಾದಾಮಿಯಂತಿರುವುದರಿಂದ ಊರಿಗೆ ಆ ಹೆಸರು ಬಂತೆಂದು ದಾರಿ ತೋರಿಸುವವರು ಹೇಳುವುದುಂಟು. ಕೇಳುವುದಕ್ಕೆ ರುಚಿಯಾಗಿದೆ, ಅಷ್ಟೆ. ವಾತಾಪಿಯೇ ಜನರ ಬಾಯಲ್ಲಿ ತಿರುಗಿ ಬಾದಾಮಿಯಾಯಿತು.

ಇನ್ನು ದಕ್ಷಿಣದ ಗುಡ್ಡದ ಗುಹೆಗಳು. ಅವುಗಳ ಶಿಲ್ಪವನ್ನು ಕುರಿತು ಬಲ್ಲವರು ಬರೆದಿದ್ದಾರೆ. ೧೯೨೮ರಲ್ಲಿಯೇ ರಾಖಾಲದಾಸ ಬ್ಯಾನರ್ಜಿಯವರು ಆ ಉಬ್ಬುಶಿಲ್ಪಗಳ ಮೇಲೆ ಒಂದು ಗ್ರಂಥವನ್ನೇ ಬರೆದರು. ಮೊದಲ ಗುಹೆಯ ಹದಿನೆಂಟು ತೋಳಿನ ನಟರಾಜ, ಎರಡನೆಯದರ ವರಾಹ, ನಾಲ್ಕನೆಯದರಲ್ಲಿ ಶ್ರವಣಬೆಳಗೊಳದ ಮೂರ್ತಿಗಿಂತ ಶತಮಾನಗಳಷ್ಟು ಹಿಂದಿನ ಬಾಹುಬಲಿ, ಇವನ್ನೆಲ್ಲ ಕಣ್ಣಿದ್ದವರು ಕಂಡೇ ಕಾಣುತ್ತಾರೆ. ನಾನು ನಿಲ್ಲಿಸಬೇಕೆಂದಿರುವುದು ಮೂರನೆಯ ಗುಹೆಯ ಬಳಿ. ಇದು ನಾಲ್ಕರಲ್ಲಿ ದೊಡ್ಡದು, ಮತ್ತು ತನ್ನ ಹುಟ್ಟಿದ ದಿನವನ್ನು ತಾನೇ ಹೇಳುವ ಗುಹೆ: ಶಕ ೫೦೦ರ ಕಾರ್ತಿಕ ಹುಣ್ಣಿಮೆ, ಕ್ರಿ. ಶ. ೫೭೮. ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಇದನ್ನು ವಿಷ್ಣುವಿಗಾಗಿ ಮಾಡಿಸಿ, ಒಂದು ಊರನ್ನು ಬಿಟ್ಟು, ಅದರ ಹುಟ್ಟುವಳಿಯಿಂದ ದೇವರ ನೈವೇದ್ಯ, ಹದಿನಾರು ಮಂದಿ ಬ್ರಾಹ್ಮಣರ ಊಟ, ಮಿಕ್ಕುದರಲ್ಲಿ ಪರಿವ್ರಾಜಕರ ಊಟ ನಡೆಯಬೇಕೆಂದು ಸಂಸ್ಕೃತದಲ್ಲಿ ಬರೆಯಿಸಿದ್ದಾನೆ. ಅಲ್ಲಿಯೇ ಕನ್ನಡದಲ್ಲಿ ಇನ್ನೊಂದು ಚಿಕ್ಕ ಶಾಸನವಿದೆ. ಹಲ್ಮಿಡಿಯ ತರುವಾಯ ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಬರೆಹಗಳಲ್ಲಿ ಅದೊಂದು.

ಸಂಸ್ಕೃತದ ಒಕ್ಕಣೆ ದೇವಾಲಯವನ್ನು ಕೊಂಡಾಡಿ ವರ್ಣಿಸುತ್ತದೆ. ಕನ್ನಡದ ಒಕ್ಕಣೆ ಅದನ್ನು ‘ಕಲ್ಮನೆ’ ಎಂದು ಬಿಡುತ್ತದೆ. ಕಲ್ಲಿನ ಮನೆ. ಈ ಒಂದು ಪದದ ಮುಂದೆ ಹತ್ತು ನಿಮಿಷ ನಿಲ್ಲದ ಕನ್ನಡ ವಿದ್ಯಾರ್ಥಿ ಮತ್ತೆಲ್ಲಿ ನಿಲ್ಲಬೇಕು? ಗುಡಿಯೆಂದರೆ ದೇವರ ಮನೆ. ಅದು ಕಲ್ಲಿನಲ್ಲಾದರೆ ಕಲ್ಮನೆ. ಮಣ್ಣಿನ ಮನೆ, ಮರದ ಮನೆ, ಹುಲ್ಲಿನ ಮನೆಗಳ ನಡುವೆ ಬದುಕಿದ ಜನ ಆ ಗುಡ್ಡವನ್ನು ಕೊರೆದು ತೆಗೆದುದನ್ನು ಕಂಡಾಗ ಬಾಯಿಗೆ ಬಂದ ಮಾತು ಅದೇ ಇರಬೇಕು. ಆ ಕನ್ನಡ ಶಾಸನ ಊರನ್ನು ಬಿಟ್ಟುದನ್ನು ಹೇಳಿ, ದೇವರಿಗೆ ಹೂವನ್ನು ಒದಗಿಸುವ ಮಾಲಗಾರನಿಗೆ ಸಲ್ಲಬೇಕಾದ ಪಾಲನ್ನೂ ಹೇಳಿ, ಇದನ್ನು ಕೆಡಿಸಿದವನು ನರಕದ ಹುಳುವಾಗಲಿ ಎಂದು ಮುಗಿಸುತ್ತದೆ. ಹೂವಾಡಿಗನ ಪಾಲು ಕನ್ನಡದಲ್ಲಿ ಏಕೆ ಬರೆಯಲ್ಪಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಓದಬೇಕಾದವರು, ಇಲ್ಲವೆ ಓದಿಸಿ ಕೇಳಬೇಕಾದವರು, ಆ ಭಾಷೆಯವರು. ದತ್ತಿಯನ್ನು ನಡೆಯಿಸಬೇಕಾದ ಜನಕ್ಕೆ ತಿಳಿಯುವ ಮಾತಿನಲ್ಲಿ ಬರೆಯಬೇಕೆಂಬ ಬುದ್ಧಿ ಆರನೆಯ ಶತಮಾನದ ಅರಮನೆಗೆ ಇತ್ತು. ನಮ್ಮ ಕಚೇರಿಗಳು ಇದನ್ನು ಗಮನಿಸಬಹುದು.

ಇದೇ ಎಳೆಯನ್ನು ಹಿಡಿದು ಎದುರಿನ ಉತ್ತರದ ಗುಡ್ಡವನ್ನು ನೋಡಿದರೆ ಅಲ್ಲಿ ಒಂಟಿಯಾಗಿ ಒಂದು ಬಂಡೆಯ ನೆತ್ತಿಯ ಮೇಲೆ ಕುಳಿತಿರುವ ಚೆಲುವಾದ ಗುಡಿಯ ಹೆಸರು ಮಾಲೆಗಿತ್ತಿ ಶಿವಾಲಯ. ಮಾಲೆ ಕಟ್ಟುವವಳ ಶಿವಾಲಯ. ಹೆಸರು ಜನರು ಯಾವಾಗಲೋ ಇಟ್ಟುದು. ಕೆಳಗಿನ ಶಾಸನದ ಮಾಲಗಾರನಿಗೂ ಮೇಲಿನ ಮಾಲೆಗಿತ್ತಿಗೂ ನೇರವಾದ ನಂಟನ್ನು ಕಟ್ಟುವುದು ಪಂಡಿತರು ಒಪ್ಪುವ ಕೆಲಸವಲ್ಲ. ಆದರೂ ಕೆರೆಯ ಈ ದಡದಲ್ಲಿ ಹೂವಾಡಿಗನ ಪಾಲಿನ ಲೆಕ್ಕ, ಆ ದಡದಲ್ಲಿ ಹೂವಾಡಗಿತ್ತಿಯ ಹೆಸರಿನ ಗುಡಿ; ಹೀಗೆ ಎರಡನ್ನೂ ಒಂದೇ ನೋಟದಲ್ಲಿ ಕಾಣಬಹುದಾದ ಸ್ಥಳ ನಾಡಿನಲ್ಲಿ ಬೇರೆ ಇದೆಯೇ, ನಾನರಿಯೆ.

ಗುಹೆಗಳಿಂದ ಇಳಿದು ಊರಿನ ಓಣಿಗಳ ಮೂಲಕ ಕೆರೆಯ ಉತ್ತರದ ದಂಡೆಗೆ ಬರಬೇಕು. ಬೆಳಗಿನ ಹೊತ್ತಿನಲ್ಲಿ ಬಂದರೆ ಒಳ್ಳೆಯದು. ಮೆಟ್ಟಿಲುಗಳ ಮೇಲೆ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಒಂದು ಏಟು ಕಲ್ಲಿಗೆ ಬಿದ್ದರೆ ಎರಡು ಗುಡ್ಡಗಳೂ ಅದನ್ನು ಹೇಳುತ್ತವೆ. ಹತ್ತು ಮಂದಿ ಒಗೆಯುವಾಗ ಇಡೀ ಕಣಿವೆಯೇ ತಾಳ ಹಾಕುತ್ತಿರುವಂತೆ ಕೇಳುತ್ತದೆ. ಒಣಗಹಾಕಿದ ಸೀರೆಗಳು ಮೆಟ್ಟಿಲಿನ ಉದ್ದಕ್ಕೂ ಹರಡಿರುತ್ತವೆ, ಇಳಕಲ್ಲಿನ ಕೆಂಪು ಸೆರಗುಗಳು ಅವುಗಳ ನಡುವೆ ಕಾಣುತ್ತವೆ. ದಾರಿ ಕೇಳಿದರೆ, ‘ಹಿಂಗ ದಂಡಿ ಹಿಡದು ಹೋಗ್ರಿ, ಗುಡಿ ಸಿಗತೈತಿ’ ಎಂದು ತಲೆಯೆತ್ತದೆ ಹೇಳುತ್ತಾರೆ.

ಇಲ್ಲಿ ಒಂದು ವಿವಾದವಿದೆ, ಅದನ್ನು ಬದಿಗೊತ್ತಿ ಮುಂದೆ ಹೋಗುವುದು ಸರಿಯಲ್ಲ. ಸ್ಮಾರಕದ ಬಳಿ ಬಟ್ಟೆ ಒಗೆಯುವುದೆಂದರೇನು, ಈ ಮನೆಗಳು ಗುಡಿಗಳಿಗೆ ಇಷ್ಟು ಹತ್ತಿರದಲ್ಲಿ ಏಕಿರಬೇಕು, ಎಲ್ಲವನ್ನೂ ತೆರವು ಮಾಡಿ ಹುಲ್ಲುಹಾಸು ಬೆಳೆಯಿಸಿದರೆ ನೋಟ ಎಷ್ಟು ಅಂದವಾದೀತು ಎನ್ನುವ ರಸಿಕರು ನಮ್ಮಲ್ಲಿದ್ದಾರೆ. ಅವರಲ್ಲಿ ಕೆಲವರು ವಿದ್ಯಾವಂತರು, ಕೆಲವರು ನನ್ನ ವೃತ್ತಿಯವರೇ. ೨೦೧೧ರಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನಲ್ಲಿ ಅಂಗಡಿ ಮನೆಗಳನ್ನು ಕೆಡವಿದುದನ್ನು ಅವರು ಆದರ್ಶವೆಂದು ಹೇಳುತ್ತಾರೆ. ಐಹೊಳೆ ಪಟ್ಟದಕಲ್ಲುಗಳ ಜನರನ್ನು ಬೇರೆಡೆಗೆ ಒಯ್ಯುವ ಮಾತಂತೂ ಬಹುಕಾಲದಿಂದ ಕೇಳಿಬರುತ್ತಿದೆ.

ಸಾಬೂನಿನ ನೊರೆ ಕೆರೆಗೆ ಒಳ್ಳೆಯದಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಬೇಕಾದುದು ಒಡ್ಡಿನ ಕೆಳಗೆ, ನೀರು ಹೊರಗೆ ಹೋಗುವ ಕಡೆ, ಒಂದು ಒಳ್ಳೆಯ ಒಗೆಯುವ ಕಟ್ಟೆ. ನೆರಳು, ನಲ್ಲಿ, ಚರಂಡಿ. ಅಷ್ಟನ್ನು ಮಾಡಿಕೊಡುವ ಹೊಣೆ ಆಳುವವರದು. ಅದನ್ನು ಬಿಟ್ಟು ಜನರನ್ನೇ ಕೆರೆಯಿಂದ ದೂರಮಾಡಿದರೆ ಉಳಿಯುವುದೇನು? ಈ ಕೆರೆಯನ್ನು ಕಟ್ಟಿದುದು ನೋಡುವುದಕ್ಕಲ್ಲ, ಬಳಸುವುದಕ್ಕೆ. ಹದಿನಾಲ್ಕು ಶತಮಾನಗಳಲ್ಲಿ ಅರಸುಮನೆತನಗಳು ಬಂದವು, ಹೋದವು. ಕೋಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಕೆರೆಯ ಮೆಟ್ಟಿಲಿಗೆ ಕೊಡ ಹಿಡಿದು ಬರುವವರು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಶಿಲ್ಪದ ಹೆಂಗಸಿನ ನಿರಿಗೆಯನ್ನು ನೋಡಿ ತಲೆದೂಗುವವನು, ಆ ನಿರಿಗೆಯನ್ನು ಹಿಂಡಿ ಒಣಗಹಾಕುವ ಹೆಂಗಸನ್ನು ಕಂಡು ಮೂಗು ಮುರಿದರೆ ಅದನ್ನು ರಸಿಕತೆಯೆಂದು ಕರೆಯಲಾರೆ. ಮಂಗಳೇಶನ ಶಾಸನವಾದರೂ ಹೂವಾಡಿಗನನ್ನು ಮರೆತಿರಲಿಲ್ಲ.

ದಂಡೆಯ ದಾರಿ ಪೂರ್ವಕ್ಕೆ ಸಾಗಿ ಭೂತನಾಥನ ಗುಡಿಯನ್ನು ಮುಟ್ಟುತ್ತದೆ. ನೀರಿಗೆ ಅಂಟಿಕೊಂಡಂತೆ, ಪಶ್ಚಿಮಕ್ಕೆ ಮುಖಮಾಡಿ ಕುಳಿತಿರುವ ಗುಡಿ. ಗರ್ಭಗುಡಿಯ ಭಾಗ ಬಾದಾಮಿ ಚಾಲುಕ್ಯರ ಕಾಲದ್ದು, ಮುಂದಿನ ತೆರೆದ ಮಂಟಪ ಕಲ್ಯಾಣದ ಚಾಲುಕ್ಯರ ಕಾಲದ್ದು. ಒಂದೇ ಕಟ್ಟಡದಲ್ಲಿ ಕೆಲವು ಶತಮಾನಗಳು ನೆರೆಹೊರೆಯಾಗಿ ಇವೆ. ಸಂಜೆಯ ಬಿಸಿಲು ನೇರವಾಗಿ ಇದರ ಮೇಲೆ ಬೀಳುತ್ತದೆ, ಆದುದರಿಂದ ಇಲ್ಲಿಗೆ ಬರುವ ಹೊತ್ತು ಸಂಜೆ. ಗುಡಿಯ ಹಿಂದಣ ಬಂಡೆಗಳನ್ನೂ ಬಿಡಬಾರದು. ಒಂದರಲ್ಲಿ ಅನಂತಶಯನನಿದ್ದಾನೆ, ಬೆನ್ನು ಬಾಗಿಸಿ ಒಳಗೆ ಹೊಕ್ಕು ನೋಡಬೇಕು. ಮಳೆಗಾಲದಲ್ಲಿ ಇದರ ಹಿಂದಿನ ಬಂಡೆಯಿಂದ ಎರಡು ಧಾರೆ ಜೋಡಿಯಾಗಿ ಧುಮುಕುತ್ತವೆ. ಅವನ್ನು ಅಕ್ಕ ತಂಗಿ ಎನ್ನುತ್ತಾರೆ.

ಭೂತನಾಥನ ಜಗಲಿಯ ಮೇಲೆ ಕುಳಿತು ಪಶ್ಚಿಮಕ್ಕೆ ನೋಡಿದರೆ ಎಡಕ್ಕೆ ಒಂದು ಗುಡ್ಡ, ಬಲಕ್ಕೆ ಒಂದು, ನಡುವೆ ನೀರು, ನೀರಿನಾಚೆ ಊರು. ೬೪೨ರ ಸುಮಾರಿಗೆ ಈ ಊರಿಗೆ ಶತ್ರು ಬಂದ. ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಇಲ್ಲಿನ ಬಂಡೆಯ ಮೇಲೆಯೇ ತನ್ನ ಆಳ್ವಿಕೆಯ ಹದಿಮೂರನೆಯ ವರ್ಷದ ಶಾಸನವನ್ನು ಕೆತ್ತಿಸಿದ. ಸವೆದು ಮುರಿದು ಅದರಲ್ಲಿ ಸ್ವಲ್ಪ ಉಳಿದಿದೆ. ಹದಿಮೂರು ವರ್ಷಗಳ ಮೇಲೆ, ೬೫೫ರ ಹೊತ್ತಿಗೆ, ಒಂದನೆಯ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಪಡೆದ. ಶತ್ರುವಿನ ಬರೆಹವಿದ್ದ ಬಂಡೆ ಮಾತ್ರ ಉಳಿದುಕೊಂಡಿತು. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ಅಲ್ಲಿನ ಕೈಲಾಸನಾಥ ದೇವಾಲಯದಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದ. ಆ ದೇವರ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಹಿಂದಿರುಗಿಸಿದೆನೆಂದು ಅದರಲ್ಲಿ ಹೇಳಿದೆ. ವಾತಾಪಿಯಲ್ಲಿ ಪಲ್ಲವರ ಬರೆಹ, ಕಂಚಿಯಲ್ಲಿ ಕನ್ನಡದ ಬರೆಹ. ಇಲ್ಲಿಂದ ತಮಿಳುನಾಡಿಗೆ ಗಣಪತಿಯ ಮೂರ್ತಿ ಹೋಯಿತೆಂಬ ಐತಿಹ್ಯವನ್ನು ಇತಿಹಾಸಕಾರರು ನಂಬಲಿ, ಬಿಡಲಿ. ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿಯ ಕೃತಿಯಲ್ಲಿ ನಮ್ಮ ಈ ಊರಿನ ಹೆಸರು ದಿನವೂ ಕಚೇರಿಗಳಲ್ಲಿ ಮೊದಲಿಗೆ ಕೇಳಿಬರುತ್ತಿದೆ. ಹಾಡುವವರಲ್ಲಿ ಈ ಕೆರೆಯನ್ನು ಕಂಡವರೆಷ್ಟು ಮಂದಿಯೋ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕೆರೆಯ ಈಶಾನ್ಯಕ್ಕೆ ಎತ್ತರದ ಬಂಡೆಯೊಂದರ ಮುಖದ ಮೇಲೆ ಹತ್ತು ಸಾಲುಗಳ ಬರೆಹವಿದೆ. ಕಪ್ಪೆ ಅರಭಟ್ಟನ ಶಾಸನ. ಕಾಲ ಸುಮಾರು ೭೦೦. ೧೮೮೧ರಲ್ಲಿ ಫ್ಲೀಟ್ ಅದನ್ನು ಪ್ರಕಟಿಸಿದಂದಿನಿಂದ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಅದರ ಹೆಸರು ಬಾರದ ಪುಸ್ತಕವಿಲ್ಲ. ಕನ್ನಡ ಎಂ. ಎ. ಮಾಡಿದವರೆಲ್ಲ ಅದರ ಮೂರನೆಯ ಪದ್ಯವನ್ನು ನಿದ್ದೆಯಲ್ಲಿಯೂ ಹೇಳಬಲ್ಲರು. ಆದರೆ ಆ ಬಂಡೆಯನ್ನು ಕಣ್ಣಾರೆ ಕಂಡವರು ಕೈಯೆತ್ತಿರೆಂದರೆ ಅಧ್ಯಾಪಕರ ಸಭೆಯಲ್ಲಿಯೂ ಏಳುವ ಕೈಗಳು ಬಹಳವಾಗಲಾರವು.

ಆ ಶಾಸನ ವಿಚಿತ್ರವಾದುದು. ಅದರಲ್ಲಿ ಅರಸನ ಹೆಸರಿಲ್ಲ, ಶಕವರ್ಷವಿಲ್ಲ, ದಾನದ ಮಾತಿಲ್ಲ, ನರಕದ ಶಾಪವೂ ಇಲ್ಲ. ಇರುವುದು ಒಬ್ಬ ಮನುಷ್ಯ, ಅವನ ಸ್ವಭಾವ. ಶಿಷ್ಟರಿಗೆ ಪ್ರಿಯನಾದವನು, ಕಲಿಯುಗಕ್ಕೆ ವಿಪರೀತನಾದವನು. ಒಳ್ಳೆಯವರಿಗೆ ಒಳ್ಳೆಯವನಾಗಿ, ಸವಿಯಾದವರಿಗೆ ಸವಿಯಾಗಿ, ಪೀಡಿಸುವವನಿಗೆ ಮಾತ್ರ ಎದುರಾಗಿ ನಿಂತವನು. ಮಾನಭಂಗದ ಬಾಳಿಗಿಂತ ಮರಣ ಲೇಸೆಂದು ಸಂಸ್ಕೃತದ ಒಂದು ಶ್ಲೋಕ ನಡುವೆ ಬರುತ್ತದೆ. ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೆಟ್ಟೀತು’ ಎಂದು ಬಿಚ್ಚಿಬಿಟ್ಟವರ ಗತಿ ಅವನ ಹಗೆಗಳದೆಂಬ ಹೋಲಿಕೆ ಕೊನೆಗೆ ಬರುತ್ತದೆ. ಅವನು ಯಾರು, ಏನು ಮಾಡಿದ, ಯಾರ ವಿರುದ್ಧ ನಿಂತ, ಒಂದೂ ಅದರಲ್ಲಿಲ್ಲ. ಅರಸರ ಊರಿನಲ್ಲಿ, ಅರಸರ ಹೊಗಳಿಕೆಯ ಬಂಡೆಗಳ ನಡುವೆ, ಅರಸನಲ್ಲದ ಒಬ್ಬನಿಗೆ ಯಾರೋ ಇಷ್ಟು ಮಮತೆಯಿಂದ ಪದ್ಯ ಕಟ್ಟಿ ಕೆತ್ತಿಸಿದರು. ಹೆಸರಿನಲ್ಲಿ ಕಪ್ಪೆಯಿದೆಯೆಂದು ತರಗತಿಯಲ್ಲಿ ಹುಡುಗರು ನಗುತ್ತಾರೆ. ನಗಲಿ, ನಕ್ಕಾದರೂ ನೆನಪಿಟ್ಟುಕೊಳ್ಳುತ್ತಾರೆ.

ಇದರ ಮೂರು ಪದ್ಯಗಳು ತ್ರಿಪದಿಗಳು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳು ಇವೇ. ‘ಕವಿರಾಜಮಾರ್ಗ’ಕ್ಕಿಂತ ಒಂದೂವರೆ ಶತಮಾನದಷ್ಟು ಮುಂಚಿನವು. ಮತ್ತು ಕೈ ತಿದ್ದುತ್ತಿರುವವನ ಪದ್ಯಗಳಲ್ಲ ಇವು. ಒಂದರಲ್ಲಿ ಸಾಲಿನಿಂದ ಸಾಲಿಗೆ ಎರಡನೆಯ ಅಕ್ಷರವಾಗಿ ಧಕಾರ ಬರುತ್ತದೆ, ಸಿಂಹದ ಪದ್ಯದಲ್ಲಿ ಒತ್ತಿದ ಟಕಾರ. ಪ್ರಾಸವನ್ನು ಇಷ್ಟು ನಿರಾಯಾಸವಾಗಿ ಹಿಡಿದವನ ಹಿಂದೆ ಒಂದು ದೀರ್ಘವಾದ ಹಾಡಿನ ಪರಂಪರೆ ಇದ್ದಿರಲೇಬೇಕು. ಬಂಡೆಗೆ ಬರುವ ಮೊದಲು ಈ ಛಂದಸ್ಸು ಬಾಯಲ್ಲಿತ್ತು. ಬಂಡೆಯನ್ನು ಬಿಟ್ಟ ಮೇಲೆಯೂ ಬಾಯಲ್ಲಿಯೇ ಉಳಿಯಿತು: ಸರ್ವಜ್ಞ ಆಡಿದುದು ಇದರಲ್ಲಿ, ಹಲಸಂಗಿಯ ಗೆಳೆಯರು ಕೂಡಿಹಾಕಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದ ಬೀಸುವ, ಕುಟ್ಟುವ, ತವರನ್ನು ನೆನೆಯುವ ಹಾಡುಗಳು ಇರುವುದು ಇದರಲ್ಲಿ. ಹಲಸಂಗಿಯೂ ಬಾದಾಮಿಯೂ ೧೯೯೭ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ಒಂದೇ ಜಿಲ್ಲೆಯವು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಒಂದು ಚಿಕ್ಕ ತಂಡದೊಡನೆ ಆ ಬಂಡೆಯ ಬಳಿ ನಿಂತಿದ್ದೆ. ಪದ್ಯವನ್ನು ಗಣ ಬಿಡಿಸಿ ಎರಡು ಸಲ ಓದಿದೆ. ಹಿಂದೆ ನಿಂತಿದ್ದ ಒಬ್ಬ ಹುಡುಗಿ, ತರಗತಿಯಲ್ಲಿ ಎಂದೂ ಬಾಯಿ ಬಿಡದವಳು, ‘ಸರ, ಇದು ನಮ್ಮಾಯಿ ಬೀಸೂಮುಂದ ಹಾಡೂ ಧಾಟಿಗೇ ಕೂಡತೈತ್ರಿ’ ಎಂದಳು. ಹಾಡು ಎಂದೆವು. ಸಂಕೋಚಪಟ್ಟು, ಗೆಳತಿಯರು ದೂಡಿದ ಮೇಲೆ, ಮೆಲ್ಲಗೆ ಹಾಡಿದಳು. ಎರಡನೆಯ ಸಾಲನ್ನು ಹಿಂದಕ್ಕೆ ತಂದು ಮತ್ತೊಮ್ಮೆ ಹೇಳುವ ನಮ್ಮ ಹೆಂಗಸರ ರೂಢಿಯಿದೆಯಷ್ಟೆ, ಹಾಗೆಯೇ. ಶಾಸನದ ಮಾತು ಬೀಸುಕಲ್ಲಿನ ಧಾಟಿಯಲ್ಲಿ ಒಂದೆಡೆಯೂ ತೊಡರಲಿಲ್ಲ. ತ್ರಿಪದಿಯ ಲಕ್ಷಣವನ್ನು ಕುರಿತು ನಾನು ಕೊಟ್ಟ ಉಪನ್ಯಾಸಗಳೆಲ್ಲ ಆ ಮೂರು ನಿಮಿಷಗಳ ಮುಂದೆ ನಿಲ್ಲುವಂಥವಲ್ಲ.

ಇಂಥ ಪ್ರವಾಸಕ್ಕೆ ಅಧ್ಯಾಪಕ ಮಿತ್ರರು ಒಡ್ಡುವ ಅಡ್ಡಿ ಸಾಮಾನ್ಯವಾಗಿ ಎರಡು. ಹುಡುಗರಿಗೆ ಹಳೆಯ ಲಿಪಿ ಬರುವುದಿಲ್ಲವೆಂಬುದು ಒಂದು. ಬರುವುದಿಲ್ಲ, ನಿಜ. ಆದರೆ ಶಾಸನದ ಪಾಠವನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಂಡು, ಚಾಲುಕ್ಯರ ಕಾಲದ ವರ್ಣಮಾಲೆಯ ಒಂದು ಪಟ್ಟಿಯನ್ನು ಕೈಗೆ ಕೊಟ್ಟರೆ ಅರ್ಧ ಗಂಟೆಯೊಳಗೆ ಹತ್ತು ಹನ್ನೆರಡು ಅಕ್ಷರಗಳನ್ನು ತಾವೇ ಗುರುತಿಸುತ್ತಾರೆ. ಬಿಸಿಲು ಓರೆಯಾಗಿ ಬೀಳುವ ಹೊತ್ತನ್ನು ನೋಡಿಕೊಂಡು ಹೋಗಬೇಕು; ನಡುಹಗಲಿನಲ್ಲಿ ಬಂಡೆ ಮಂಕಾಗಿರುತ್ತದೆ, ಓರೆ ಬೆಳಕಿನಲ್ಲಿ ಅಕ್ಷರಗಳ ಗೆರೆಗಳಿಗೆ ನೆರಳು ಕೂಡಿ ಎದ್ದು ಕಾಣುತ್ತವೆ. ಮುಟ್ಟಬಾರದು, ಸುಣ್ಣ ಬಳಿಯಬಾರದು, ನೀರೆರಚಬಾರದು. ಇಷ್ಟನ್ನು ಮೊದಲೇ ಹೇಳಿಬಿಟ್ಟರಾಯಿತು. ಎರಡನೆಯ ಅಡ್ಡಿ ಹಣದ್ದು: ಒಂದು ರಾತ್ರಿ ಹೆಚ್ಚು ತಂಗಿದರೆ ಖರ್ಚು ಹೆಚ್ಚು. ಇದಕ್ಕೆ ನನ್ನ ಉತ್ತರ ಸುಲಭವಾದುದು. ನಾಲ್ಕು ದಿನದಲ್ಲಿ ಒಂಬತ್ತು ಊರು ನೋಡುವ ಪ್ರವಾಸವನ್ನು ಎರಡೇ ಊರಿಗೆ ಇಳಿಸಿ. ಬಸ್ಸಿನಲ್ಲಿ ಸುಡುವ ಎಣ್ಣೆಯ ಹಣದಲ್ಲಿ ಹುಡು‌ಗರು ಎರಡು ಹೊತ್ತು ಉಣ್ಣುತ್ತಾರೆ.

ಎರಡು ದಿನವಿದ್ದರೆ ಉಳಿದ ಹೊತ್ತಿಗೇನು ಮಾಡುವುದೆಂಬ ಚಿಂತೆ ಬೇಡ. ಉತ್ತರದ ಗುಡ್ಡದ ಬುಡದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಮೂರ್ತಿ ಅಲ್ಲಿದೆ. ಅಲ್ಲಿಂದಲೇ ಬಂಡೆಗಳ ಸೀಳಿನ ನಡುವೆ ಮೇಲಕ್ಕೆ ದಾರಿ, ಕಣಜಗಳು, ಶಿವಾಲಯಗಳು. ಐದು ಕಿಲೋಮೀಟರು ದೂರದಲ್ಲಿ ಬನಶಂಕರಿ. ಅಲ್ಲಿ ಹೊಂಡದ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಂದಿರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆಯ ಮೊಸರು ಬಡಿಸುತ್ತಾರೆ. ‘ಇನ್ನೊಂದ್ ರೊಟ್ಟಿ ತಗೋಳ್ರಿ ಯಪ್ಪಾ’ ಎನ್ನುವ ಉಪಚಾರಕ್ಕೆ ಬೆಲೆ ಹಿಡಿಯುವುದಿಲ್ಲ. ಬನದ ಹುಣ್ಣಿಮೆಯ ಜಾತ್ರೆಗೆ ಹೋದರೆ ನಾಟಕ ಕಂಪನಿಗಳ ಡೇರೆಗಳು ಸಾಲಾಗಿ ನಿಂತಿರುತ್ತವೆ. ವೃತ್ತಿರಂಗಭೂಮಿ ಸತ್ತಿತೆಂದು ಪ್ರಬಂಧ ಬರೆಯುವವರು ಒಂದು ರಾತ್ರಿ ಅಲ್ಲಿ ನಾಟಕ ನೋಡಿ ಬಂದು ಬರೆಯಲಿ. ಪಟ್ಟದಕಲ್ಲು ಇಪ್ಪತ್ತೆರಡು ಕಿಲೋಮೀಟರು. ತಿರುಳ್ಗನ್ನಡದ ನಾಡಿಗೆ ‘ಕವಿರಾಜಮಾರ್ಗ’ ಹೇಳುವ ನಾಲ್ಕು ಊರುಗಳಲ್ಲಿ ಒಂದಾದ ಕಿಸುವೊಳಲು ಅದೇ, ಕೆಂಪು ಕಲ್ಲಿನ ಪಟ್ಟಣ.

ಇವೆಲ್ಲಕ್ಕಿಂತ ಎರಡನೆಯ ದಿನದ ಬೆಳಗನ್ನು ಮಹಾಕೂಟಕ್ಕೆ ಮೀಸಲಿಡುವುದು ಒಳ್ಳೆಯದು. ರಸ್ತೆಯಿದೆ, ಆದರೆ ಗುಡ್ಡದ ಮೇಲಿನ ಹಳೆಯ ಕಾಲುದಾರಿಯಲ್ಲಿ ನಡೆದು ಹೋಗಬೇಕು. ನೀರು ಕೈಯಲ್ಲಿರಲಿ, ಬಿಸಿಲೇರುವ ಮುನ್ನ ಹೊರಡಬೇಕು, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು. ಮರಗಳ ನೆರಳಿನಲ್ಲಿ ಗುಡಿಗಳ ಗುಂಪು, ನಡುವೆ ಬತ್ತದ ಪುಷ್ಕರಿಣಿ. ಹುಡುಗರು ನೀರಿಗಿಳಿಯಲಿ. ಆಮೇಲೆ ಮಹಾಕೂಟೇಶ್ವರನ ಗುಡಿಯ ಮುಖಮಂಟಪದ ಕಂಬದ ಬಳಿಗೆ ಅವರನ್ನು ಕರೆಯಬೇಕು. ಅದರ ಮೇಲೆ ವಿಜಯಾದಿತ್ಯನ ಕಾಲದ ಒಂದು ಕನ್ನಡ ಶಾಸನವಿದೆ. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ಎಂಬುವಳು ದೇವರಿಗೆ ಮಾಣಿಕದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಹೊಲವನ್ನೂ ಕೊಟ್ಟುದನ್ನು ಅದು ಹೇಳುತ್ತದೆ. ಅವಳು ಯಾರ ಮಗಳೆಂಬುದನ್ನು ಹೇಳುವಾಗ ತಂದೆಯ ಹೆಸರು ಬರುವುದಿಲ್ಲ. ಅಜ್ಜಿಯ ಹೆಸರು, ಅವಳ ಮಗಳಾದ ತಾಯಿಯ ಹೆಸರು, ಅವಳ ಮಗಳಾದ ತನ್ನ ಹೆಸರು, ಹೀಗೆ ಮೂರು ತಲೆಮಾರಿನ ಹೆಂಗಸರು ಒಬ್ಬರ ಹಿಂದೊಬ್ಬರು, ಬಹುವಚನದ ಗೌರವದೊಡನೆ ನಿಂತಿದ್ದಾರೆ. ಆ ಹೆಸರುಗಳನ್ನು ಹುಡುಗಿಯರಿಂದಲೇ ಗಟ್ಟಿಯಾಗಿ ಓದಿಸಬೇಕು. ಅಷ್ಟಾಗುವ ಹೊತ್ತಿಗೆ ಹಸಿವಾಗಿರುತ್ತದೆ. ಬನಶಂಕರಿಯ ರೊಟ್ಟಿಯ ಬುಟ್ಟಿಗಳು ಖಾಲಿಯಾಗುವ ಮುನ್ನ ಇಳಿದು ಹೋಗುವುದಕ್ಕೆ ವೇಳೆಯಿರುತ್ತದೆ.